ಹಾಯಾಗಿದೆ ಕಣೋ

ಮಾರ್ಚ್ 9

ತಮ್ಮನಿಗೆ,

ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಮಾಡಲಾಗುವುದಿಲ್ಲ. ಹರಿದುಹಾಕಬಹುದು, ಆದರೆ ಹರಿಯುವ ಮುಂಚೆ ಒಂದೆರಡು ಸಾಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತವೆ. ಆ ಒಂದೆರಡು ಸಾಲಿನ ಆಸೆಗೆ ಬರೆಯುತ್ತಿದ್ದೇನೆ.

ಹೋದ ವಾರ ನಾನು ಬಂದಾಗ ನೀನು ಮುಖ ಆ ಕಡೆ ತಿರುಗಿಸಿದೆ. ಮೈ ತಿರುಗಿಸಲು ಆಗುವಂತಿರಲಿಲ್ಲ, ಅದಕ್ಕೇ ಮುಖ ಮಾತ್ರ. "ಯಾರು ಕರೆದ್ರು ನಿನ್ನ?" ಅಂದೆ. ನಿನ್ನ ಕಂಟ್ರಾಕ್ಟರ್ ಕರೆದಿದ್ದರು. ಸಾರುವೆ ಕುಸಿಯಿತು, ಗೋಡೆಯ ಮೇಲೆ ಜಾಹೀರಾತಿನ ಅಕ್ಷರ ಬರೆಯುತ್ತಿದ್ದವನು ಮೂರನೇ ಮಹಡಿಯ ಎತ್ತರದಿಂದ ಬಿದ್ದ, ಜೇಬಿನ ಡೈರಿಯಲ್ಲಿ ಮನೆಯವರದು ಅಂತ ಕಂಡದ್ದು ನಿಮ್ಮದೊಂದೇ ನಂಬರು ಅಂದರು. ಆರು ವರ್ಷದಿಂದ ಮಾತು ಬಿಟ್ಟವನು ನಂಬರನ್ನು ಮಾತ್ರ ಬಿಟ್ಟಿರಲಿಲ್ಲ. ಅದನ್ನು ಕೇಳಿ ನನಗೆ ಏನಾದರೂ ಅನಿಸಬೇಕಿತ್ತು. ಬಸ್ಸಿನ ಟೈಮು ಕೇಳಿದೆ, ಅಷ್ಟೇ.

ನಿನ್ನ ಕೇಸ್ ಶೀಟು ಓದಿದೆ. ಬೆನ್ನಿನ ಹನ್ನೆರಡನೇ ಮೂಳೆ ಪುಡಿಯಾಗಿ ಬೆನ್ನುಹುರಿ ಜಜ್ಜಿಹೋಗಿದೆ. ಸೊಂಟದ ಕೆಳಗೆ ಚಲನೆ ಇಲ್ಲ, ಸ್ಪರ್ಶ ಇಲ್ಲ. ಡಾಕ್ಟರು ನಿನಗೆ ಇದನ್ನು ಹೇಳಿರಬಹುದು, ಹೇಳದೆಯೂ ಇರಬಹುದು. ನಿನಗೆ ಸುತ್ತಿ ಬಳಸಿ ಹೇಳಿದರೆ ಆಗುವುದಿಲ್ಲ ಅಂತ ನೇರವಾಗಿ ಬರೆದೆ.

ಈಗ ಕೆಲಸದ ಮಾತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಬರುತ್ತಾರೆ. ಬೇಡ ಅನ್ನಬೇಡ. ಒಂದೇ ಕಡೆ ಮಲಗಿದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹೋಗುವುದಿಲ್ಲ. ನಮಗಾದರೆ ನೋವಾಗುತ್ತದೆ, ನಿದ್ದೆಗಣ್ಣಿನಲ್ಲೇ ಹೊರಳಿಕೊಳ್ಳುತ್ತೇವೆ. ನಿನಗೆ ಆ ನೋವು ಬರುವುದಿಲ್ಲ. ಹಿಮ್ಮಡಿ, ಬಾಲಮೂಳೆ, ಸೊಂಟದ ಎರಡು ಪಕ್ಕ ಇವನ್ನು ದಿನಾ ಯಾರಾದರೂ ಕಣ್ಣಿಟ್ಟು ನೋಡಬೇಕು. ಎಲ್ಲಾದರೂ ಕೆಂಪಾಗಿದ್ದು, ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಸದಿದ್ದರೆ ಕೂಡಲೇ ಹೇಳಿಸು.

ನೀರು ಚೆನ್ನಾಗಿ ಕುಡಿ.

ಇತಿ,
ಅಕ್ಕ

ಏಪ್ರಿಲ್ 2

ತಮ್ಮನಿಗೆ,

ನೀನು ಬರೆಯಲಿಲ್ಲ. ಬರೆಯುತ್ತೀಯ ಅಂತ ನಾನೂ ಅಂದುಕೊಂಡಿರಲಿಲ್ಲ.

ನಿಮ್ಮ ವಾರ್ಡಿನ ಸಿಸ್ಟರ್ ಜೊತೆ ಫೋನಿನಲ್ಲಿ ಮಾತಾಡಿದೆ. ಇಬ್ಬರದೂ ಒಂದೇ ಕಸುಬು, ಹೆಚ್ಚು ಮಾತು ಬೇಕಾಗಲಿಲ್ಲ. "ನಿಮ್ಮ ತಮ್ಮ ತುಂಬಾ ಹಟ ಮೇಡಂ. ಮುಟ್ಟಕ್ಕೆ ಬಿಡಲ್ಲ. ಹೆಣಾನ ಯಾಕ್ರೀ ಹೊರಳಿಸ್ತೀರ ಅಂತ ಬೈತಾರೆ" ಅಂದರು. ಬಾಲಮೂಳೆಯ ಮೇಲೆ ಹುಣ್ಣಾಗಿದೆಯಂತೆ. ಎಷ್ಟು ಅಗಲ ಅಂತ ಕೇಳಿದೆ. ನನ್ನ ಅಂಗೈಯ ಅರ್ಧ ಅಂದರು. ಆಳ ಎಷ್ಟು ಅಂತ ಕೇಳಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಹುಣ್ಣಿನ ಆಳ ಕೇಳದೆ ನಾನು ಫೋನಿಟ್ಟದ್ದು ಇದೇ ಮೊದಲು.

ನನ್ನ ವಾರ್ಡು ನಿನಗೆ ಗೊತ್ತಲ್ಲ, ಸಕ್ಕರೆ ಕಾಯಿಲೆಯವರ ಕಾಲಿನ ವಾರ್ಡು. ಇಪ್ಪತ್ತೆರಡು ಮಂಚ, ಎಲ್ಲದರ ತುದಿಯಲ್ಲೂ ಬಿಳಿ ಬಟ್ಟೆ ಸುತ್ತಿದ ಕಾಲುಗಳು. ನಾನು ಮುಖ ನೋಡುವುದಕ್ಕಿಂತ ಮುಂಚೆ ಪಾದ ನೋಡುತ್ತೇನೆ. ಬೆಳಿಗ್ಗೆ ಒಬ್ಬ ಲಾರಿ ಡ್ರೈವರ್ ಬಂದಿದ್ದ. ಅಂಗಾಲಿಗೆ ಮೊಳೆ ಹೊಕ್ಕು ನಾಲ್ಕು ದಿನವಾಗಿತ್ತು. ಅದೇ ಕಾಲಿನಲ್ಲಿ ಕ್ಲಚ್ಚು ಒತ್ತಿಕೊಂಡು ಬಂದಿದ್ದಾನೆ. "ನೋವೇ ಇರ್ಲಿಲ್ಲ ಸಿಸ್ಟರ್, ಬೂಟಲ್ಲಿ ವಾಸನೆ ಬಂತು ಅಂತ ತೆಗೆದು ನೋಡ್ದೆ" ಅಂದ. ನಕ್ಕ. ನೋವಿಲ್ಲ ಅಂತ ನಗುವವರನ್ನು ಕಂಡರೆ ನಾನು ಇನ್ನೊಂದು ಬೂಟನ್ನೂ ಬಿಚ್ಚಿಸಿ ನೋಡುತ್ತೇನೆ.

ನಿನ್ನ ಹುಣ್ಣೂ ನೋಯುವುದಿಲ್ಲ. ನೋಯದೆಯೇ ಮೂಳೆ ಮುಟ್ಟುತ್ತದೆ, ಅಲ್ಲಿಂದ ನಂಜು ರಕ್ತಕ್ಕೆ ಸೇರುತ್ತದೆ. ಸಾಯಬೇಕು ಅಂತ ನೀನು ತೀರ್ಮಾನ ಮಾಡಿದ್ದರೆ ಬಾಯಿಬಿಟ್ಟು ಹೇಳು. ಹೀಗೆ ಕಂಡೂ ಕಾಣದ ಹಾಗೆ ಕೊಳೆಯಬೇಡ.

ಇತಿ,
ಅಕ್ಕ

ಏಪ್ರಿಲ್ 20

ಅಕ್ಕಾ,

ಎರಡು ಕಾಗದ ಬಂದವು. ನಮ್ಮ ವಾರ್ಡಿನ ಗೋಡೆಗೆ ಅಂಟಿಸಿದ ಚಾರ್ಟಿನಲ್ಲಿ ಇಲ್ಲದ್ದು ಅದರಲ್ಲಿ ಏನೂ ಇರಲಿಲ್ಲ. ಚಾರ್ಟಿನ ಅಕ್ಷರ ನಿನ್ನದಕ್ಕಿಂತ ಚೆನ್ನಾಗಿದೆ. ಆದರೆ ಬರೆದವನು 'ಒತ್ತಡ' ಅನ್ನುವಲ್ಲಿ ಒತ್ತು ಹಾಕುವುದನ್ನೇ ಮರೆತಿದ್ದಾನೆ. 'ಒತಡ ತಪ್ಪಿಸಿ' ಅಂತಿದೆ. ಎಡಕ್ಕೆ ಮಲಗಿಸಿದಾಗಲೆಲ್ಲ ಅದೇ ಕಣ್ಣಿಗೆ ಹೊಡೆಯುತ್ತೆ. ಎದ್ದು ಹೋಗಿ ಒಂದು ಒತ್ತು ಕೊಡೋಣ ಅನಿಸುತ್ತೆ. ಆಮೇಲೆ ನೆನಪಾಗುತ್ತೆ.

ಹೌದು, ಈಗ ಹೊರಳಿಸಲು ಬಿಡುತ್ತಿದ್ದೇನೆ. ನೀನು ಬರೆದೆ ಅಂತಲ್ಲ. ಪಕ್ಕದ ಮಂಚದಲ್ಲಿ ಒಬ್ಬ ಶಾಲೆ ಮೇಷ್ಟ್ರಿದ್ದಾರೆ. ಮೆಟ್ಟಿಲಿನಿಂದ ಜಾರಿ ಕುತ್ತಿಗೆ ಮುರಿದುಕೊಂಡವರು. ಅವರ ಮೈಯಲ್ಲಿ ಆಡುವುದು ತಲೆ ಒಂದೇ. ನಾನು ಸಿಸ್ಟರ್ ಮೇಲೆ ಕೂಗಾಡುತ್ತಿದ್ದಾಗ ಅವರು, "ರೀ ಪೇಂಟರ್, ನಿಮ್ಮ ಭಾಷಣ ಮುಗೀತಾ? ನನ್ನ ಮೂಗಿನ ಮೇಲೆ ನೊಣ ಕೂತು ಹತ್ತು ನಿಮಿಷ ಆಯ್ತು. ಎರಡು ಕೈ ಇರೋರು ಹೆಣ ಆದ್ರೆ ನಾನೇನ್ರೀ?" ಅಂದರು. ವಾರ್ಡೆಲ್ಲ ನಕ್ಕಿತು. ಸಿಸ್ಟರ್ ನೊಣ ಓಡಿಸಿದರು. ಆಮೇಲೆ ನನ್ನ ಕಡೆ ಬಂದರು. ನಾನೇ ಮಂಚದ ಕಂಬಿ ಹಿಡಿದು ಹೊರಳಲು ಕೈ ಕೊಟ್ಟೆ.

ಆ ಸಿಸ್ಟರಿಗೆ ನಾವು ಗಡಿಯಾರ ಅಂತ ಹೆಸರಿಟ್ಟಿದ್ದೇವೆ. ಎರಡು ಗಂಟೆ ಅಂದರೆ ಎರಡೇ ಗಂಟೆ. ಗೋಡೆ ಗಡಿಯಾರ ನಿಂತುಹೋದರೂ ಆಕೆ ನಿಲ್ಲುವುದಿಲ್ಲ.

ಇನ್ನು ಮುಂದೆ ಬರೆಯುವುದಾದರೆ ನರ್ಸಿನ ಹಾಗೆ ಬರೆಯಬೇಡ. ಅಮ್ಮನ ಕಾಲು ನೋಡಿದ ದಿನವೂ ನೀನು ನರ್ಸಿನ ಹಾಗೇ ಮಾತಾಡಿದ್ದು. ಎರಡೇ ಪದ. ನಾನು ಮರೆತಿಲ್ಲ.

ತಮ್ಮ

ಮೇ 11

ತಮ್ಮನಿಗೆ,

ನರ್ಸಿನ ಹಾಗೆ ಬರೆಯಬಾರದು ಅಂದರೆ ಇನ್ನು ಹೇಗೆ ಬರೆಯಬೇಕು ಅಂತ ಮೂರು ವಾರ ಯೋಚಿಸಿದೆ. ನನಗೆ ಬೇರೆ ಮಾತು ಬರುವುದಿಲ್ಲ ಅಂತ ಗೊತ್ತಾಯಿತು.

ಬೆಳಿಗ್ಗೆ ಐದೂವರೆಗೆ ಏಳುತ್ತೇನೆ. ಅಮ್ಮ ಇದ್ದ ಮನೆ ಬಿಟ್ಟು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಕಿಟಕಿ ತೆರೆದರೆ ಲಾಂಡ್ರಿಯ ಹಿತ್ತಿಲು, ಸಾಲಾಗಿ ನೇತುಹಾಕಿದ ಬೆಡ್‌ಶೀಟುಗಳು. ಕೆಲಸಕ್ಕೆ ಹೋಗುತ್ತೇನೆ, ಬರುತ್ತೇನೆ, ಒಂದು ಪಾತ್ರೆಯಲ್ಲಿ ಏನೋ ಬೇಯಿಸಿ ಅದೇ ಪಾತ್ರೆಯಲ್ಲಿ ತಿನ್ನುತ್ತೇನೆ. ರೇಡಿಯೋ ಇದೆ, ಹಾಕುವುದಿಲ್ಲ. ಜೊತೆಯ ಸಿಸ್ಟರುಗಳು "ನೀವು ಸಿಟ್ಟೇ ಮಾಡ್ಕೊಳಲ್ಲ ಮೇಡಂ, ಎಷ್ಟು ಶಾಂತ" ಅನ್ನುತ್ತಾರೆ. ಶಾಂತ ಅಲ್ಲ. ಒಳಗೆ ಕೈ ಹಾಕಿ ತಡವಿದರೆ ಏನೂ ಸಿಗುವುದಿಲ್ಲ, ಅಷ್ಟೇ. ಅದನ್ನು ಅವರಿಗೆ ಹೇಳುವುದು ಹೇಗೆ?

ಹೋದ ಸೋಮವಾರ ಒಬ್ಬ ಅಜ್ಜಿ ಬಂದರು. ಸಕ್ಕರೆ ಕಾಯಿಲೆ, ಇಪ್ಪತ್ತು ವರ್ಷದ್ದು. ಎರಡೂ ಅಂಗಾಲು ಬೊಬ್ಬೆ ಎದ್ದಿದ್ದವು. ಮಗಳು ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬರುತ್ತಿರಲಿಲ್ಲ. ನಾನು ಏನನ್ನೂ ಕೇಳಲಿಲ್ಲ. ಅವಳೇ ಹೇಳಿದಳು, "ಬಿಸಿನೀರಲ್ಲಿ ಕಾಲಿಟ್ಕೊಂಡ್ರೆ ಹಿತ ಆಗುತ್ತೆ ಅಂದ್ರು, ನಾನೇ ಕಾಯಿಸಿ ಕೊಟ್ಟೆ." ನಾನು ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. ಆಮೇಲೆ ಅವಳನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ, ಅವಳ ತಾಯಿಯ ಕೈಯನ್ನು ಅವಳ ಕೈಯಲ್ಲಿಟ್ಟೆ. ಇದನ್ನು ಎಲ್ಲರಿಗೂ ಮಾಡುವುದಿಲ್ಲ.

ಇದರ ಕೆಳಗೆ ಇನ್ನೂ ಅರ್ಧ ಪುಟ ಬರೆದಿದ್ದೆ. ಹರಿದೆ.

ಇತಿ,
ಅಕ್ಕ

ಜುಲೈ 3

ಅಕ್ಕಾ,

ಸುಟ್ಟ ಕಾಲಿನ ಕತೆ ನನಗೆ ಬರೆಯಬೇಡ. ಅದನ್ನು ಓದಿದ ಮೇಲೆ ಪೆನ್ನು ಮುಟ್ಟಲು ಮನಸ್ಸಾಗಲಿಲ್ಲ.

ಇಲ್ಲಿಯ ಸುದ್ದಿ: ಬಾಲಮೂಳೆಯ ಹುಣ್ಣು ಮುಚ್ಚಿದೆ. ಅದಕ್ಕಾಗಿ ಏಳು ವಾರ ಬೋರಲು ಮಲಗಿದ್ದೆ. ಏಳು ವಾರ ನೆಲ ನೋಡಿದೆ. ನಮ್ಮ ವಾರ್ಡಿನ ನೆಲದಲ್ಲಿ ನನ್ನ ಮಂಚದಿಂದ ಬಾಗಿಲಿನವರೆಗೆ ನೂರಾ ಹದಿನಾಲ್ಕು ಚೌಕ, ಅದರಲ್ಲಿ ಒಂಬತ್ತು ಒಡೆದಿವೆ. ಯಾರು ಬಂದರೂ ಮೊದಲು ಚಪ್ಪಲಿ ನೋಡಿ ಗುರುತು ಹಿಡಿಯುತ್ತಿದ್ದೆ. ಗಡಿಯಾರ ಸಿಸ್ಟರ್ ಎಡಗಾಲನ್ನು ಸ್ವಲ್ಪ ಎಳೆಯುತ್ತಾರೆ. ಡಾಕ್ಟರು ಹಿಮ್ಮಡಿ ಊರುವುದೇ ಇಲ್ಲ, ಓಡಿಹೋಗಲು ತಯಾರಾದವರ ಹಾಗೆ. ಮೇಷ್ಟ್ರ ಹೆಂಡತಿ ಒಳಗೆ ಬರುವ ಮುಂಚೆ ಬಾಗಿಲಲ್ಲಿ ಒಂದು ನಿಮಿಷ ನಿಂತು ಬರುತ್ತಾರೆ, ದಿನಾ.

ಈಗ ಗಾಲಿಕುರ್ಚಿಯಲ್ಲಿ ಕೂರುತ್ತೇನೆ. ಕಾಲು ಗಂಟೆಗೊಮ್ಮೆ ಎರಡು ಕೈ ಊರಿ ಅಂಡು ಎತ್ತಬೇಕು. ನಾಲ್ಕು ಗಂಟೆಗೊಮ್ಮೆ ನಾನೇ ನಳಿಕೆ ಹಾಕಿಕೊಂಡು ಮೂತ್ರ ತೆಗೆಯಬೇಕು. ಮೊದಲ ದಿನ ನಳಿಕೆ ಎರಡು ಸಲ ಕೈಜಾರಿತು. ಸಿಸ್ಟರ್ ಆ ಕಡೆ ತಿರುಗಿ ನಿಂತು, "ಬ್ರಷ್ ಹಿಡಿಯೋ ಕೈ ಅಲ್ವಾ, ನಿಧಾನಕ್ಕೆ" ಅಂದರು. ಆಯಿತು. ಬೆಳಿಗ್ಗೆ ಸಂಜೆ ಮಂಚದ ಮೇಲೆ ಮಲಗಿ, ಕನ್ನಡಿ ಹಿಡಿದು ನನ್ನ ಹಿಂಭಾಗವನ್ನು ನಾನೇ ಪರೀಕ್ಷೆ ಮಾಡುತ್ತೇನೆ. ನಲವತ್ತು ವರ್ಷದಲ್ಲಿ ಅದನ್ನು ನೋಡಿರಲಿಲ್ಲ. ನೋಡುವಂಥದ್ದು ಏನೂ ಇಲ್ಲ.

ಮನಸ್ಸಿನ ಡಾಕ್ಟರೊಬ್ಬರು ವಾರಕ್ಕೊಮ್ಮೆ ಬರುತ್ತಾರೆ. "ಏನನ್ನಿಸ್ತಿದೆ?" ಅಂತ ಕೇಳುತ್ತಾರೆ. ಏನೂ ಇಲ್ಲ ಅನ್ನುತ್ತೇನೆ. "ಅಳಬೇಕು ಅನ್ನಿಸುತ್ತಾ?" ಇಲ್ಲ. "ಸಿಟ್ಟು?" ಇಲ್ಲ. ಅವರು ಬರೆದುಕೊಳ್ಳುತ್ತಾರೆ. ಸೂಜಿ ಚುಚ್ಚಿ ಎಲ್ಲಿಂದ ಗೊತ್ತಾಗುತ್ತೆ ಅಂತ ಕೇಳಿದರಲ್ಲ ಮೊದಲ ದಿನ, ಹಾಗೇ ಇದು. ಅವರು ಚುಚ್ಚುತ್ತಾರೆ, ನಾನು ಇಲ್ಲ ಅನ್ನುತ್ತೇನೆ. ಸೊಂಟದ ಮೇಲೆಯೂ ಇಲ್ಲ ಅಂತ ಅವರಿಗೆ ಈಗ ಅನುಮಾನ ಬಂದಿದೆ.

ತಮ್ಮ

ಜುಲೈ 19

ತಮ್ಮನಿಗೆ,

ಕಾಗದ ತಲುಪಿತು. ಹುಣ್ಣು ಮುಚ್ಚಿದ್ದು ಒಳ್ಳೆಯದಾಯಿತು. ಇನ್ನು ಆ ಕತೆ ಬರೆಯುವುದಿಲ್ಲ.

ಇತಿ,
ಅಕ್ಕ

ಆಗಸ್ಟ್ 25

ಅಕ್ಕಾ,

ಬರೆಯಬೇಡ ಅಂದವನೇ ಈಗ ಬರೆಯುತ್ತಿದ್ದೇನೆ.

ಹೋದ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಟೀ ಬಂತು. ಸ್ಟೀಲ್ ಲೋಟ. ಕಿಟಕಿಯ ಹತ್ತಿರ ಹೋಗಿ ಕುಡಿಯೋಣ ಅಂದುಕೊಂಡೆ. ಚಕ್ರ ತಳ್ಳಲು ಎರಡು ಕೈಯೂ ಬೇಕು, ಅದಕ್ಕೆ ಲೋಟವನ್ನು ತೊಡೆಗಳ ನಡುವೆ ಇಟ್ಟುಕೊಂಡೆ. ಕಿಟಕಿಯ ಹೊರಗೆ ಎದುರಿನ ಅಂಗಡಿಯವನು ಹೊಸ ಬೋರ್ಡು ಬರೆಸುತ್ತಿದ್ದ. ಪೇಂಟರು ಏಣಿ ಹತ್ತಿದ್ದ, ಎಡಗೈ ಹಿಡಿತ ಸರಿ ಇರಲಿಲ್ಲ. ಅವನನ್ನೇ ನೋಡುತ್ತಾ ಕೂತೆ. ಟೀ ಮರೆತೆ. ಆಮೇಲೆ ಲೋಟ ಎತ್ತಿ ಕುಡಿದೆ, ಆರಿತ್ತು.

ಸಂಜೆ ಕನ್ನಡಿ ಹಿಡಿದಾಗ ಗೊತ್ತಾಯಿತು. ಎರಡೂ ತೊಡೆಯ ಒಳಭಾಗದಲ್ಲಿ ಲೋಟದ ಅಚ್ಚು. ಕೆಂಪಾಗಿ, ನಡುವೆ ನೀರು ತುಂಬಿದ ಬೊಬ್ಬೆ. ಗಡಿಯಾರ ಸಿಸ್ಟರ್ ಹಣೆ ಚಚ್ಚಿಕೊಂಡರು. ತಣ್ಣೀರು ಹಾಕಿದರು, ಬ್ಯಾಂಡೇಜು ಮಾಡಿದರು, ಮಾಡುತ್ತಾ ಬೈದರು. ನನಗೆ ಅವರ ಬೈಗುಳ ಕೇಳಿಸುತ್ತಿರಲಿಲ್ಲ. ಆ ಬೊಬ್ಬೆಯನ್ನೇ ನೋಡುತ್ತಿದ್ದೆ. ಲೋಟ ತಗೊಳ್ಳುವಾಗ ಬೆರಳಿಗೆ ಚುರ್ ಅಂದಿತ್ತು. ಅಷ್ಟು ಬಿಸಿಯನ್ನು ತೊಡೆ ಅರ್ಧ ಗಂಟೆ ಅಪ್ಪಿಕೊಂಡು ಕೂತಿತ್ತು. ನೋವನ್ನು ಹುಡುಕಿದೆ, ಅಕ್ಕಾ. ಕಣ್ಣು ಮುಚ್ಚಿಕೊಂಡು ಹುಡುಕಿದೆ. ಎಲ್ಲೂ ಇರಲಿಲ್ಲ.

ಆಗ ಅಮ್ಮ ನೆನಪಾದಳು.

ಆವತ್ತು ಸಂಜೆ ನೀನು ಡ್ಯೂಟಿಯಲ್ಲಿದ್ದೆ. "ಕಾಲು ಕೊರೀತಿದೆ ಕಣೋ, ಐಸ್ ಇಟ್ಟ ಹಾಗಿದೆ" ಅಂದಳು. ನಾನು ನೀರು ಕುದಿಸಿ ರಬ್ಬರ್ ಬ್ಯಾಗಿಗೆ ತುಂಬಿ ಅಂಗಾಲಿಗೆ ಒತ್ತಿಟ್ಟೆ. ಟವೆಲ್ ಸುತ್ತಿದ್ದೆ, ಅದು ಯಾವಾಗ ಜಾರಿತೋ ಗೊತ್ತಿಲ್ಲ. "ಬಿಸಿ ಜಾಸ್ತಿ ಆಯ್ತಾ ಅಮ್ಮಾ?" ಅಂತ ಎರಡು ಸಲ ಕೇಳಿದೆ. "ಇಲ್ಲ, ಹಾಯಾಗಿದೆ ಕಣೋ" ಅಂದಳು. ಮಾರನೆಯ ದಿನ ಬೊಬ್ಬೆ. ಇಪ್ಪತ್ತಮೂರು ದಿನದಲ್ಲಿ ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲು, ಆಮೇಲೆ ಅಮ್ಮ.

ಆರು ವರ್ಷದಿಂದ ನಾನು ಒಂದೇ ವಿಷಯ ಅಂದುಕೊಂಡು ಬಂದಿದ್ದೇನೆ. ಅವಳಿಗೆ ಸುಡುತ್ತಿತ್ತು. ಮಗ ಇಷ್ಟಪಟ್ಟು ಮಾಡುತ್ತಿದ್ದಾನೆ, ಬೇಜಾರು ಮಾಡಿಕೊಂಡಾನು ಅಂತ ಹಲ್ಲು ಕಚ್ಚಿ ತಡೆದುಕೊಂಡಳು. ನನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದಳು. ಪ್ರತಿ ಸಾರುವೆ ಹತ್ತುವಾಗಲೂ ನನಗೆ ಆ ಮಾತು ಕೇಳುತ್ತಿತ್ತು, ಹಾಯಾಗಿದೆ ಕಣೋ.

ನೀನು ಆವತ್ತು 'ನೀನೇ ಸುಟ್ಟೆ' ಅಂದೆ. ನಾನು ಸುಟ್ಟದ್ದು ನಿಜ, ಅದಕ್ಕೆ ಎದುರಾಡದೆ ಮನೆ ಬಿಟ್ಟೆ. ಈಗ ಕೇಳುತ್ತಿರುವುದು ಬೇರೆ. ನೀನು ನರ್ಸು. ಈ ಒಂದು ಸಲ ನರ್ಸಿನ ಹಾಗೇ ಹೇಳು. ಅಮ್ಮನಿಗೆ ನೋವಾಯಿತೋ ಇಲ್ಲವೋ?

ತಮ್ಮ

ಸೆಪ್ಟೆಂಬರ್ 1

ತಮ್ಮನಿಗೆ,

ಇಲ್ಲ. ಅಮ್ಮನಿಗೆ ನೋವಾಗಲಿಲ್ಲ.

ಸಕ್ಕರೆ ಕಾಯಿಲೆಯಲ್ಲಿ ಪಾದದ ನರ ಬೆರಳ ತುದಿಯಿಂದ ಮೇಲಕ್ಕೆ ಸಾಯುತ್ತಾ ಬರುತ್ತದೆ. ಸಾಯುವ ನರ ಸುಮ್ಮನಿರುವುದಿಲ್ಲ, ಸುಳ್ಳು ಹೇಳುತ್ತದೆ. ಕಾಲು ಬೆಚ್ಚಗಿದ್ದರೂ ಕೊರೆಯುತ್ತಿದೆ ಅನ್ನುತ್ತದೆ. ಸುಟ್ಟರೆ ಮಾತ್ರ ಬಾಯಿ ಬಿಡುವುದಿಲ್ಲ. ಅವಳ ಅಂಗಾಲಿಗೆ ಆ ಬಿಸಿ ಗೊತ್ತೇ ಆಗಿಲ್ಲ. ಕಣಕಾಲಿನ ಮೇಲೆ ನರ ಇನ್ನೂ ಬದುಕಿತ್ತು, ಅಲ್ಲಿಗೆ ಸ್ವಲ್ಪ ಬೆಚ್ಚಗೆ ಹತ್ತಿರಬೇಕು. ಹಾಯಾಗಿದೆ ಅಂದದ್ದು ಸುಳ್ಳಲ್ಲ. ಅವಳಿಗೆ ಹಾಯಾಗಿಯೇ ಇತ್ತು.

ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಇಲ್ಲಿಗೆ ನಿಲ್ಲಿಸಿದರೆ ನಾನು ಮತ್ತೆ ಅರ್ಧ ಪುಟ ಹರಿದ ಹಾಗಾಗುತ್ತದೆ.

ನಾನು ಇದನ್ನು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆ ಗೊತ್ತಾ? ಅದಕ್ಕೆ ನಾಲ್ಕು ತಿಂಗಳ ಮುಂಚೆ ಒಂದು ಭಾನುವಾರ ಅಮ್ಮ ಕಾಲು ಚಾಚಿ ಕೂತಿದ್ದಳು. ಅವಳ ಉಗುರು ತೆಗೆಯಲು ಕೂತ ನಾನು ತಮಾಷೆಗೆ ಅನ್ನುವ ಹಾಗೆ ಪಿನ್ನಿನಿಂದ ಅಂಗಾಲು ಮುಟ್ಟಿದೆ. ಅವಳು ಮಾತಾಡುತ್ತಲೇ ಇದ್ದಳು. ಇನ್ನೂ ಒತ್ತಿದೆ. ಮಾತಾಡುತ್ತಲೇ ಇದ್ದಳು. ನನಗೆ ಆಗಲೇ ಗೊತ್ತಾಯಿತು. ಸುಮ್ಮನೆ ಪಿನ್ನು ಒಳಗಿಟ್ಟೆ.

ದಿನಕ್ಕೆ ಮೂವತ್ತು ಜನಕ್ಕೆ ಹೇಳುತ್ತಿದ್ದೆ ತಮ್ಮಾ. ಬರಿಗಾಲಲ್ಲಿ ನಡೆಯಬೇಡಿ, ಬಿಸಿನೀರಿನ ಬ್ಯಾಗ್ ಇಡಬೇಡಿ, ನೀರಿಗೆ ಕಾಲಿಡುವ ಮುಂಚೆ ಮೊಣಕೈ ಅದ್ದಿ ನೋಡಿ. ಗಿಣಿಪಾಠದ ಹಾಗೆ ಹೇಳುತ್ತಿದ್ದೆ. ಮನೆಗೆ ಬಂದರೆ ಬಾಯಿ ತೆರೆಯಲು ಶಕ್ತಿ ಇರುತ್ತಿರಲಿಲ್ಲ. ನಾಳೆ ಹೇಳೋಣ ಅಂತ ಮಲಗುತ್ತಿದ್ದೆ. ಮನೆಯಲ್ಲಿ ಅವಳನ್ನು ನೋಡಿಕೊಳ್ಳುತ್ತಿದ್ದವನು ನೀನು, ನಿನಗೇ ಹೇಳಬೇಕಿತ್ತು. ಎರಡು ನಿಮಿಷದ ಮಾತು. ನಾಲ್ಕು ತಿಂಗಳಲ್ಲಿ ಆ ಎರಡು ನಿಮಿಷ ಸಿಗಲಿಲ್ಲ.

ಆವತ್ತು ಬೊಬ್ಬೆ ನೋಡಿದ ಕೂಡಲೇ ನನಗೆ ಹೊಳೆದದ್ದು ಅಮ್ಮನ ಕಾಲಿನ ಗತಿ ಅಲ್ಲ. 'ಮನೆಯಲ್ಲಿ ನರ್ಸ್ ಇದ್ದೂ ಹೀಗಾಯ್ತಾ?' ಅಂತ ಡಾಕ್ಟರು ಕೇಳುತ್ತಾರಲ್ಲ, ಆ ಮಾತು ಹೊಳೆಯಿತು. ಅವರು ಕೇಳುವ ಮುಂಚೆ, ಅವರ ಎದುರಿಗೇ, ನಿನ್ನ ಕಡೆ ತಿರುಗಿ ಆ ಎರಡು ಪದ ಅಂದೆ. ನೀನು ತಲೆ ತಗ್ಗಿಸಿದೆ. ನಾನು ಬಚಾವಾದೆ.

ಕ್ಷಮಿಸು ಅಂತ ಬರೆಯಲು ಹೊರಟೆ. ಆರು ವರ್ಷ ಬಿಟ್ಟು ಬರೆದರೆ ಆ ಪದಕ್ಕೆ ತೂಕ ಬರುವುದಿಲ್ಲ. ನಡೆದದ್ದನ್ನು ಬರೆದಿದ್ದೇನೆ.

ಇತಿ,
ಅಕ್ಕ

ಸೆಪ್ಟೆಂಬರ್ 28

ಅಕ್ಕಾ,

ಕಾಗದ ಬಂದು ಮೂರು ವಾರವಾಯಿತು. ಮೊದಲ ಸಾಲನ್ನು ದಿನಾ ಓದುತ್ತೇನೆ. ಉಳಿದದ್ದನ್ನು ಎರಡು ಸಲ ಓದಿದೆ.

ಸಿಟ್ಟು ಬಂದಿದೆಯಾ ಅಂತ ನೋಡಿಕೊಂಡೆ. ಒಂದು ದಿನ ಬಂದಿತ್ತು. ಊಟದ ತಟ್ಟೆ ಎಸೆದೆ. ಮೇಷ್ಟ್ರು, "ಆಹಾ, ಪೇಂಟರಿಗೆ ಜೀವ ಬಂತು!" ಅಂದರು. ಮನಸ್ಸಿನ ಡಾಕ್ಟರಿಗೆ ಯಾರೋ ಹೋಗಿ ಹೇಳಿದರು, ಅವರಂತೂ ಖುಷಿಯಾಗಿಬಿಟ್ಟರು. ಮರುದಿನ ಮತ್ತೆ ಎಂದಿನ ಹಾಗೆ.

ನಿನ್ನನ್ನು ಕ್ಷಮಿಸಿದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಅಮ್ಮನಿಗೆ ನೋವಾಗಲಿಲ್ಲ ಅನ್ನುವುದು ಗೊತ್ತು. ಸದ್ಯಕ್ಕೆ ಅಷ್ಟರಲ್ಲಿ ಇದ್ದೇನೆ.

ಬರುವುದಾದರೆ ಬಾ. ಸಂಜೆ ನಾಲ್ಕರಿಂದ ಆರು. ಕೇಸ್ ಶೀಟು ಮುಟ್ಟುವ ಹಾಗಿಲ್ಲ.

ತಮ್ಮ

ನವೆಂಬರ್ 6

ಅಕ್ಕಾ,

ನೀನು ಬಂದು ಹೋಗಿ ಎಂಟು ದಿನವಾಯಿತು. ಮೂರು ದಿನ ಇದ್ದೆ, ದಿನಕ್ಕೆ ಎರಡು ಗಂಟೆ. ಇಬ್ಬರೂ ಸೇರಿ ಆಡಿದ ಮಾತು ಲೆಕ್ಕ ಹಾಕಿದರೆ ಹತ್ತು ನಿಮಿಷವಾಗಬಹುದು. ಪರವಾಗಿಲ್ಲ. ಮೇಷ್ಟ್ರಿಗೆ ನೀನು ತುಂಬಾ ಹಿಡಿಸಿದೆ. ಕೇಳದೆಯೇ ಅವರ ಮೂಗು ತುರಿಸಿದೆಯಂತೆ. "ನಿಮ್ಮಕ್ಕನಿಗೆ ನನ್ನ ಮೂಗಿನ ಭಾಷೆ ಬರುತ್ತೆ ಕಣ್ರೀ" ಅಂತ ಎಲ್ಲರ ಹತ್ತಿರ ಹೇಳಿಕೊಂಡು ಕೂತಿದ್ದಾರೆ.

ಮುಂದಿನ ತಿಂಗಳು ನನ್ನನ್ನು ಬಿಡುತ್ತಾರೆ. ಕಂಟ್ರಾಕ್ಟರ್ ಬಂದಿದ್ದರು. ಅವರ ಗೋಡೌನಿನ ಪಕ್ಕ ನೆಲಮಟ್ಟದಲ್ಲಿ ಒಂದು ಕೋಣೆ ಇದೆ, ಇಳಿಜಾರು ಕಟ್ಟಿಸಿಕೊಡುತ್ತೇನೆ ಅಂದರು. ಮೇಜಿನ ಮೇಲೆ ಇಟ್ಟುಕೊಂಡು ಬರೆಯುವ ಬೋರ್ಡುಗಳಿವೆ. ನಾಮಫಲಕ, ನಂಬರ್ ಪ್ಲೇಟು, ಹಾಗೆ. ಹ್ಞೂಂ ಅಂದೆ. ನನ್ನ ಹತ್ತಿರ ಬಂದು ಇರು ಅಂತ ನೀನು ಕೇಳಬೇಕು ಅಂತಿದ್ದೆ, ನನಗೆ ಗೊತ್ತಾಯಿತು. ಕೇಳದೆ ಇದ್ದದ್ದು ಒಳ್ಳೆಯದಾಯಿತು. ನಿನ್ನ ಇಪ್ಪತ್ತಮೂರನೇ ಮಂಚವಾಗಲು ನನಗೆ ಇಷ್ಟವಿಲ್ಲ.

ಈಗ ಈ ಕಾಗದ ಬರೆಯಲು ಕಾರಣವಾದ ಮಾತು. ಎಂಟು ದಿನದಿಂದ ಬಾಯಿಗೆ ಬಂದು ನಿಂತಿದೆ.

ಕೊನೆಯ ದಿನ ನೀನು ಹೊರಟಾಗ ನಾನು ಬಾಗಿಲವರೆಗೆ ಕುರ್ಚಿಯಲ್ಲಿ ಬಂದೆ. ನೀನು ಉದ್ದನೆಯ ಮೊಗಸಾಲೆಯಲ್ಲಿ ನಡೆದು ಹೋಗುತ್ತಿದ್ದೆ. ಔಷಧಿ ಕೊಡುವ ಕಿಟಕಿಯ ಹತ್ತಿರ ನಿನ್ನ ಬಲಗಾಲಿನ ಚಪ್ಪಲಿ ಕಳಚಿ ಬಿತ್ತು. ನೀನು ನಿಲ್ಲಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ, ಒಂದು ಬರಿಗಾಲು, ಹಾಗೇ ಹೋದೆ. ಹೆಜ್ಜೆ ಎಣಿಸಿದೆ, ಹನ್ನೊಂದು. ಗುಡಿಸುವ ಹೆಂಗಸು "ಅಮ್ಮಾ, ಚಪ್ಪಲಿ!" ಅಂತ ಕೂಗಿದಳು. ಆಗ ನೀನು ತಿರುಗಿದೆ. ಮೊದಲು ಅವಳ ಮುಖ ನೋಡಿದೆ, ಆಮೇಲೆ ನಿನ್ನ ಕಾಲು ನೋಡಿಕೊಂಡೆ. ಕಣ್ಣಿಂದ ನೋಡಿದ ಮೇಲೇ ನಿನಗೆ ಗೊತ್ತಾಗಿದ್ದು.

ನೀನು ನಗುತ್ತಾ ಏನೋ ಅಂದೆ, ಮೆಟ್ಟಿಕೊಂಡೆ, ಹೋದೆ. ಕೂಗಿ ಕರೆಯಬೇಕಿತ್ತು. ನಾನೂ ನಾಳೆ ಹೇಳೋಣ ಅಂದುಕೊಂಡೆ. ಆಮೇಲೆ ನಿನ್ನ ಕಾಗದ ನೆನಪಾಯಿತು.

ನಿನಗೆ ಸಕ್ಕರೆ ಎಷ್ಟು ವರ್ಷದಿಂದ ಇದೆ? ಯಾರಿಗೆ ಹೇಳಿದ್ದೀಯ? ಏಳು ವಾರ ನಾನು ನೋಡಿದ್ದು ಬರೀ ಕಾಲುಗಳನ್ನು, ನನ್ನ ಹತ್ತಿರ ಸುಳ್ಳು ನಡೆಯುವುದಿಲ್ಲ. ಈ ಕಾಗದ ಓದಿ ಮುಗಿದ ಕೂಡಲೇ ಎರಡೂ ಚಪ್ಪಲಿ ತೆಗೆದು ಅಂಗಾಲು ನೋಡಿಕೋ. ನಾಳೆ ಅಲ್ಲ.

ತಮ್ಮ

ನವೆಂಬರ್ 24

ತಮ್ಮಾ,

ನಾಲ್ಕು ವರ್ಷದಿಂದ. ಯಾರಿಗೂ ಹೇಳಿರಲಿಲ್ಲ. ಮಾತ್ರೆಯನ್ನು ಬೇರೆ ಬೀದಿಯ ಅಂಗಡಿಯಲ್ಲಿ ಕೊಳ್ಳುತ್ತಿದ್ದೆ, ನೆನಪಾದ ದಿನ ನುಂಗುತ್ತಿದ್ದೆ.

ನಿನ್ನ ಕಾಗದವನ್ನು ಡ್ಯೂಟಿ ರೂಮಿನಲ್ಲಿ ನಿಂತೇ ಓದಿದೆ. ಓದಿ ಬಾಗಿಲು ಹಾಕಿಕೊಂಡು ಚಪ್ಪಲಿ ತೆಗೆದೆ. ಬಲ ಹಿಮ್ಮಡಿಯ ಬಿರುಕಿನೊಳಗೆ ಹುಣ್ಣಾಗಿತ್ತು. ಚಪ್ಪಲಿಯ ಒಳಗೆ ಕಲೆ ಹತ್ತಿತ್ತು. ಎಷ್ಟು ದಿನದ್ದೋ ಗೊತ್ತಿಲ್ಲ. ಅದೇ ಕಾಲಿನಲ್ಲಿ ನಿಂತು ಬೆಳಿಗ್ಗೆ ಹದಿನಾಲ್ಕು ಜನರ ಬ್ಯಾಂಡೇಜು ಬಿಚ್ಚಿ ಕಟ್ಟಿದ್ದೆ.

ನಮ್ಮ ಚಿಕ್ಕ ಡಾಕ್ಟರು, ನಾನೇ ಕೆಲಸ ಕಲಿಸಿದವರು, ಕಣ್ಣು ಮುಚ್ಚಿಸಿ ನೈಲಾನ್ ಎಳೆಯಿಂದ ಅಂಗಾಲಿನ ಹತ್ತು ಕಡೆ ಮುಟ್ಟಿದರು. ಮುಟ್ಟಿದಾಗ ಹೌದು ಅನ್ನಬೇಕು. ನಾಲ್ಕು ಸಲ ಹೌದು ಅಂದೆ. "ಮೇಡಂ, ಅದ್ರಲ್ಲಿ ಒಂದು ಸಲ ನಾನು ಮುಟ್ಟೇ ಇರ್ಲಿಲ್ಲ" ಅಂದರು. ಕೊನೆಗೆ ನಾನೇ ಅವರಿಗೆ ಸಮಾಧಾನ ಹೇಳಬೇಕಾಯಿತು.

ಹುಣ್ಣು ಮೂಳೆ ಮುಟ್ಟಿಲ್ಲ. ಈ ಸಲ ಆಳ ಕೇಳಿದೆ. ಇನ್ನೂ ಎರಡು ವಾರ ತಡವಾಗಿದ್ದರೆ ಮಾತು ಬೇರೆ ಇತ್ತು. ಕಾಲು ಉಳಿಯುತ್ತದೆ ಅನ್ನುತ್ತಾರೆ.

ಈಗ ನನ್ನದೇ ವಾರ್ಡಿನ ಏಳನೇ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಹೊಸ ಸಿಸ್ಟರ್ ಬಂದು ಬೆಳಿಗ್ಗೆ ನನಗೆ ಪಾಠ ಒಪ್ಪಿಸಿದಳು. "ಬರಿಗಾಲಲ್ಲಿ ನಡೀಬೇಡಿ, ದಿನಾ ಪಾದ ನೋಡ್ಕೊಳಿ, ಕಾಣದಿದ್ರೆ ಮನೆಯವರ ಹತ್ರ ನೋಡಿಸ್ಕೊಳಿ" ಅಂದಳು. ಅಂದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಮನೆಯಲ್ಲಿ ಯಾರೂ ಇಲ್ಲ ಅಂತ ಅವಳಿಗೆ ಗೊತ್ತು. ಮಧ್ಯಾಹ್ನ ನಾನು ಅತ್ತುಬಿಟ್ಟೆ. ಸದ್ದಿಲ್ಲದೆ, ಸ್ವಲ್ಪ ಹೊತ್ತು. ಯಾವುದಕ್ಕೆ ಅಂತ ವಿಂಗಡಿಸಲು ಆಗಲಿಲ್ಲ.

ಆಮೇಲೆ ಆಫೀಸಿನವರನ್ನು ಕರೆಸಿ ನಿನ್ನ ಊರಿನ ಆಸ್ಪತ್ರೆಗೆ ವರ್ಗ ಕೇಳಿ ಅರ್ಜಿ ಬರೆದುಕೊಟ್ಟೆ. ಅಲ್ಲಿ ಕೂತು ಮಾಡುವ ಕೆಲಸವಿದೆಯಂತೆ, ಹೊಸ ನರ್ಸುಗಳಿಗೆ ಕಲಿಸುವುದು. ನಿನ್ನನ್ನು ನೋಡಿಕೊಳ್ಳಲು ಬರುತ್ತಿಲ್ಲ, ಗಾಬರಿಯಾಗಬೇಡ. ಬೇಡ ಅನಿಸಿದರೆ ಬೇಡ ಅಂತ ಬರೆ, ಬೇರೆ ಕಡೆ ಕೋಣೆ ಹುಡುಕುತ್ತೇನೆ.

ಬೇಡ ಅನಿಸದಿದ್ದರೆ, ಕಂಟ್ರಾಕ್ಟರು ಕೊಟ್ಟ ಆ ಕೋಣೆಯಲ್ಲಿ ನಿನ್ನ ಕುರ್ಚಿ ತಿರುಗಿಸಲು ಜಾಗ ಬಿಟ್ಟು ಇನ್ನೊಂದು ಮಂಚ ಹಿಡಿಯುತ್ತದೆಯೇ, ಅಳೆದು ಬರೆ.

ಅಕ್ಕ